ನಿದ್ದೆಯ ಮಾತ್ರೆಯೂ ಮದ್ಯದ ಬಟ್ಟಲೂ: ಒಂದು ಹಳೆಯ ಎಚ್ಚರಿಕೆಯ ಚರಿತ್ರೆ



ಚರಿತ್ರೆಯೆಂದರೆ ರಾಜರ ವಂಶಾವಳಿ, ಯುದ್ಧಗಳ ಇಸವಿ, ಒಪ್ಪಂದಗಳ ಪಟ್ಟಿ ಎಂದು ತಿಳಿದು ತರಗತಿಯಲ್ಲಿ ಆಕಳಿಸಿದವರು ನಿಮ್ಮಲ್ಲಿ ಕೆಲವರಾದರೂ ಇದ್ದೀರಿ. ಆದರೆ ಮನುಷ್ಯನು ದಿನನಿತ್ಯ ಬಳಸುವ ಪ್ರತಿಯೊಂದು ವಸ್ತುವಿಗೂ ಒಂದು ಚರಿತ್ರೆಯಿದೆ. ಉಪ್ಪಿಗಿದೆ, ಚಹಕ್ಕಿದೆ, ದೀಪದ ಎಣ್ಣೆಗಿದೆ. ಹಾಗೆಯೇ ನಮ್ಮಲ್ಲಿ ಅನೇಕರ ತಲೆದಿಂಬಿನ ಪಕ್ಕದಲ್ಲಿರುವ ನಿದ್ದೆಯ ಮಾತ್ರೆಗೂ ಇದೆ. ಆ ಚರಿತ್ರೆಯ ಉದ್ದಕ್ಕೂ ಒಂದು ನೆರಳು ಹಿಂಬಾಲಿಸಿಕೊಂಡು ಬಂದಿದೆ. ಅದು ಮದ್ಯದ ಬಟ್ಟಲಿನ ನೆರಳು. ಇವೆರಡೂ ಒಂದೇ ದೇಹದೊಳಗೆ ಸಂಧಿಸಿದಾಗ ಏನಾಗುತ್ತದೆ ಎಂಬುದನ್ನು ಜಗತ್ತು ಹೇಗೆ, ಎಂಥ ಬೆಲೆ ತೆತ್ತು ಕಲಿತುಕೊಂಡಿತು ಎಂಬುದೇ ಈ ಲೇಖನದ ವಸ್ತು. ನಿಮ್ಮಲ್ಲಿ ಬಹುಪಾಲು ಜನ ಈಗ ರಕ್ತದೊತ್ತಡ, ಸಕ್ಕರೆ, ನಿದ್ರಾಹೀನತೆಗಳ ವಯಸ್ಸಿಗೆ ಕಾಲಿಟ್ಟಿರುವುದರಿಂದ ಈ ಪಾಠ ಅಕಾಲಿಕವಲ್ಲವೆಂದು ಭಾವಿಸುತ್ತೇನೆ.

ಕಥೆ ಆರಂಭವಾಗುವುದು ಜರ್ಮನಿಯ ಗೀಸನ್ ಎಂಬ ಊರಿನಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಯುಸ್ಟುಸ್ ಫಾನ್ ಲೀಬಿಗ್ 1832ರಲ್ಲಿ ಮದ್ಯಸಾರದೊಳಗೆ ಕ್ಲೋರಿನ್ ಅನಿಲವನ್ನು ಹಾಯಿಸಿ ಹೊಸದೊಂದು ದ್ರವ್ಯವನ್ನು ಪಡೆದರು. ಕ್ಲೋರಿನ್ ಮತ್ತು ಆಲ್ಕೋಹಾಲ್ ಎಂಬ ಎರಡು ಪದಗಳ ತುಂಡುಗಳನ್ನು ಜೋಡಿಸಿ ಅದಕ್ಕೆ 'ಕ್ಲೋರಾಲ್' ಎಂದು ಹೆಸರಿಟ್ಟರು. ಪ್ರಯೋಗಶಾಲೆಯಲ್ಲಿ ತಯಾರಾದ ಮೊದಲ ನಿದ್ರಾಜನಕವು ಮದ್ಯಸಾರದ ಹೊಟ್ಟೆಯಲ್ಲಿಯೇ ಹುಟ್ಟಿತೆಂಬುದನ್ನು ಗಮನಿಸಿ. ಅದು ನಿದ್ದೆ ತರಿಸುತ್ತದೆಂದು ಲೀಬಿಗ್‌ಗೆ ತಿಳಿದಿರಲಿಲ್ಲ. ಆ ಗುಣವನ್ನು ಕಂಡುಕೊಂಡವರು ಬರ್ಲಿನ್ನಿನ ಆಸ್ಕರ್ ಲೀಬ್ರೈಖ್, ವರ್ಷ 1869. ಕ್ಲೋರಾಲ್ ಹೈಡ್ರೇಟ್ ರಕ್ತದಲ್ಲಿ ಕ್ಲೋರೋಫಾರ್ಮ್ ಆಗಿ ಮಾರ್ಪಡುವುದರಿಂದ ನಿದ್ದೆ ಬರುತ್ತದೆಂಬುದು ಅವರ ಊಹೆ. ಊಹೆ ತಪ್ಪಾಗಿತ್ತು, ಔಷಧವೇನೋ ಕೆಲಸ ಮಾಡಿತು. ವಿಜ್ಞಾನದ ಚರಿತ್ರೆಯಲ್ಲಿ ಇಂತಹ ವಿನೋದಗಳು ಆಗಾಗ ಕಾಣಸಿಗುತ್ತವೆ.

ಕೆಲವೇ ವರ್ಷಗಳಲ್ಲಿ ಯುರೋಪಿನ ಮನೆಮನೆಗಳಿಗೆ ಕ್ಲೋರಾಲ್ ನುಗ್ಗಿತು. ಅದರ ರುಚಿ ಬಹಳ ಕಟು, ನಾಲಗೆ ಸುಡುವಂಥದು. ಇಂಗ್ಲೆಂಡಿನ ಕವಿ, ಚಿತ್ರಕಾರ ಡಾಂಟೆ ಗೇಬ್ರಿಯಲ್ ರೊಸೆಟ್ಟಿ ನಿದ್ದೆಯಿಲ್ಲದ ರಾತ್ರಿಗಳಿಗಾಗಿ ಕ್ಲೋರಾಲಿನ ಮೊರೆಹೊಕ್ಕು, ಅದರ ಕಹಿಯನ್ನು ಮರೆಯಲು ಮೇಲೆ ವಿಸ್ಕಿ ಕುಡಿಯುತ್ತಿದ್ದರು. ವರ್ಷಗಳು ಕಳೆದಂತೆ ಎರಡೂ ಹೆಚ್ಚಿದವು, ದೇಹ ಮನಸ್ಸುಗಳೆರಡೂ ಕುಸಿದವು. 1882ರಲ್ಲಿ, ಇನ್ನೂ ಐವತ್ತನಾಲ್ಕು ತುಂಬುವ ಮೊದಲೇ, ಅವರು ತೀರಿಕೊಂಡರು.

ಕವಿಗೆ ಕಾಣದಿದ್ದ ಅಪಾಯ ಕಳ್ಳರಿಗೆ ಕಂಡಿತು! ಮದ್ಯದೊಳಗೆ ಕೆಲವು ಹನಿ ಕ್ಲೋರಾಲ್ ಬೆರೆಸಿಕೊಟ್ಟರೆ ಕುಡಿದವನು ಕೂತಲ್ಲಿಯೇ ಪ್ರಜ್ಞೆ ತಪ್ಪುತ್ತಾನೆಂಬುದನ್ನು ಅಮೆರಿಕದ ಬಂದರು ನಗರಗಳ ದರೋಡೆಕೋರರು ಬಹುಬೇಗ ಅರಿತುಕೊಂಡರು. ಷಿಕಾಗೋ ನಗರದಲ್ಲಿ ಲೋನ್ ಸ್ಟಾರ್ ಸಲೂನ್ ಎಂಬ ಮದ್ಯದಂಗಡಿಯಿತ್ತು. ಅದರ ಒಡೆಯ ಮಿಕಿ ಫಿನ್ ಎಂಬಾತ ಗಿರಾಕಿಗಳಿಗೆ ಮದ್ದು ಹಾಕಿದ ಮದ್ಯ ಕುಡಿಸಿ, ಜೇಬು ಬರಿದು ಮಾಡಿ, ಹಿಂಬದಿಯ ಓಣಿಗೆ ಎಸೆಯುತ್ತಿದ್ದನೆಂಬ ಆರೋಪ ಕೇಳಿಬಂದು 1903ರ ಡಿಸೆಂಬರಿನಲ್ಲಿ ಅಂಗಡಿಗೆ ಬೀಗ ಬಿತ್ತು. ಇಂದಿಗೂ ಇಂಗ್ಲಿಷಿನಲ್ಲಿ ಮದ್ದು ಬೆರೆಸಿದ ಪಾನೀಯವನ್ನು 'ಮಿಕಿ ಫಿನ್' ಎಂದೇ ಕರೆಯುತ್ತಾರೆ.

ಕ್ಲೋರಾಲಿಗೂ ಮದ್ಯಕ್ಕೂ ಏಕೆ ಇಷ್ಟು ಘೋರ ಹೊಂದಾಣಿಕೆ? ಇದರ ಉತ್ತರ ಯಕೃತ್ತಿನಲ್ಲಿದೆ. ದೇಹದೊಳಗೆ ಮದ್ಯವು ಇದ್ದಾಗ ಕ್ಲೋರಾಲ್ ಹೆಚ್ಚು ಪ್ರಮಾಣದಲ್ಲಿ ತನ್ನ ನಿದ್ರಾಜನಕ ರೂಪಕ್ಕೆ ಮಾರ್ಪಡುತ್ತದೆ. ಕ್ಲೋರಾಲ್ ಇದ್ದಾಗ ಮದ್ಯವು ಕರಗುವುದು ನಿಧಾನವಾಗುತ್ತದೆ. ಪರಸ್ಪರ ಬಲ ತುಂಬುವ ಎರಡು ಶತ್ರುಸೈನ್ಯಗಳಂತೆ ಇವು ವರ್ತಿಸುತ್ತವೆ.

ಇಪ್ಪತ್ತನೆಯ ಶತಮಾನದೊಂದಿಗೆ ಎರಡನೆಯ ಪೀಳಿಗೆಯ ನಿದ್ರಾಜನಕಗಳು ಬಂದವು. ಜರ್ಮನಿಯ ಎಮಿಲ್ ಫಿಶರ್ ಮತ್ತು ಯೋಸೆಫ್ ಫಾನ್ ಮೇರಿಂಗ್ 1903ರಲ್ಲಿ ಬಾರ್ಬಿಟಾಲ್ ಎಂಬ ಔಷಧವನ್ನು ಪ್ರಕಟಪಡಿಸಿದರು; ಅದು 'ವೆರೋನಾಲ್' ಎಂಬ ಹೆಸರಿನಲ್ಲಿ ಮಾರಾಟವಾಯಿತು. 1912ರಲ್ಲಿ 'ಲ್ಯೂಮಿನಾಲ್' ಬಂದಿತು. ಈ ಬಾರ್ಬಿಟ್ಯುರೇಟ್ ವರ್ಗದ ಔಷಧಗಳಲ್ಲಿ ನಿದ್ದೆ ತರುವ ಪ್ರಮಾಣಕ್ಕೂ ಪ್ರಾಣ ತೆಗೆಯುವ ಪ್ರಮಾಣಕ್ಕೂ ನಡುವಿನ ಅಂತರ ಬಹಳ ಕಿರಿದು. ಮದ್ಯ ಸೇರಿದರೆ ಆ ಅಂತರ ಇನ್ನೂ ಕುಗ್ಗುತ್ತದೆ.

1967ರ ಆಗಸ್ಟ್ 27ರಂದು ಬೀಟಲ್ಸ್ ತಂಡದ ನಾಲ್ವರು ವೇಲ್ಸಿನ ಬ್ಯಾಂಗರ್ ಪಟ್ಟಣದಲ್ಲಿ ನಮ್ಮ ಮಹರ್ಷಿ ಮಹೇಶ ಯೋಗಿಯವರಿಂದ ಧ್ಯಾನವನ್ನು ಕಲಿಯುತ್ತಿದ್ದರು. ಅಂದೇ ಲಂಡನ್ನಿನಲ್ಲಿ ಅವರ ವ್ಯವಸ್ಥಾಪಕ ಬ್ರಯನ್ ಎಪ್‌ಸ್ಟೀನ್ ತಮ್ಮ ಕೋಣೆಯಲ್ಲಿ ಶವವಾಗಿ ಕಂಡುಬಂದರು. ವಯಸ್ಸು ಕೇವಲ ಮೂವತ್ತೆರಡು. ನಿದ್ದೆಗಾಗಿ ತೆಗೆದುಕೊಳ್ಳುತ್ತಿದ್ದ ಬಾರ್ಬಿಟ್ಯುರೇಟ್ ಸೇರಿದ ಔಷಧವು ದಿನದಿಂದ ದಿನಕ್ಕೆ ಮೈಯಲ್ಲಿ ಸಂಚಯವಾಗಿ, ಮದ್ಯವೂ ಜೊತೆಗೂಡಿ, ಸಾವು ಸಂಭವಿಸಿತೆಂದೂ ಅದು ಆಕಸ್ಮಿಕವೆಂದೂ ವಿಚಾರಣೆಯಲ್ಲಿ ತೀರ್ಮಾನವಾಯಿತು. 1970ರ ಸೆಪ್ಟೆಂಬರ್ 18ರಂದು ಅದೇ ಲಂಡನ್ನಿನಲ್ಲಿ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ತೀರಿಕೊಂಡರು, ವಯಸ್ಸು ಇಪ್ಪತ್ತೇಳು. ಮದ್ಯ ಸೇವಿಸಿದ್ದವರು ಬಾರ್ಬಿಟ್ಯುರೇಟ್ ಮಾತ್ರೆಗಳನ್ನೂ ನುಂಗಿದ್ದರು. ನಿದ್ದೆಯಲ್ಲಿ ವಾಂತಿಯಾಗಿ, ಅದು ಶ್ವಾಸನಾಳಕ್ಕೆ ಇಳಿದು ಉಸಿರು ಕಟ್ಟಿತು. ಸಾಮಾನ್ಯವಾಗಿ ಮಲಗಿದ್ದವನಿಗೆ ವಾಂತಿ ಬಂದರೆ ಎಚ್ಚರವಾಗುತ್ತದೆ, ಕೆಮ್ಮು ಬರುತ್ತದೆ. ಮದ್ಯವೂ ಮಾತ್ರೆಯೂ ಸೇರಿ ಆ ಕಾವಲುಗಾರನನ್ನೇ ಮಲಗಿಸಿಬಿಡುತ್ತವೆ.

ಈ ಭಯದ ನಡುವೆಯೇ ಮೂರನೆಯ ಪೀಳಿಗೆ ಬಂದಿತು. ಲಿಯೋ ಸ್ಟರ್ನ್‌ಬಾಕ್ ಎಂಬ ಯಹೂದಿ ರಸಾಯನಶಾಸ್ತ್ರಜ್ಞ ನಾಜಿಗಳ ಕಾಲದಲ್ಲಿ ಯುರೋಪನ್ನು ತೊರೆದು ಅಮೆರಿಕಕ್ಕೆ ವಲಸೆಹೋದವರು. ನ್ಯೂಜೆರ್ಸಿ ರಾಜ್ಯದ ನಟ್ಲಿ ಎಂಬಲ್ಲಿ ಹಾಫ್‌ಮನ್-ಲಾ ರೋಶ್ ಕಂಪನಿಯ ಪ್ರಯೋಗಶಾಲೆಯಲ್ಲಿ ದುಡಿಯುತ್ತ ಅವರು ಬೆಂಜೊಡಯಜೆಪೀನ್ ವರ್ಗದ ಔಷಧಗಳನ್ನು ಕಂಡುಹಿಡಿದರು. 1960ರಲ್ಲಿ ಲಿಬ್ರಿಯಂ, 1963ರಲ್ಲಿ ವ್ಯಾಲಿಯಂ ಮಾರುಕಟ್ಟೆಗೆ ಬಂದವು. ವ್ಯಾಲಿಯಂ ಎಂದರೆ ಡಯಜೆಪಾಮ್. ಬಾರ್ಬಿಟ್ಯುರೇಟುಗಳಿಗೆ ಹೋಲಿಸಿದರೆ ಇವು ನಿಜವಾಗಿಯೂ ಸಾಧು. ಒಂಟಿಯಾಗಿ ಪ್ರಾಣ ತೆಗೆಯುವುದು ಅಪರೂಪ. 'ಸುರಕ್ಷಿತ' ಎಂಬ ಮಾತು ವೈದ್ಯರ ಬಾಯಿಂದ ರೋಗಿಯ ಕಿವಿಗೆ, ಅಲ್ಲಿಂದ ನೆರೆಮನೆಗೆ ಹರಡಿತು. 1960ರ ದಶಕದ ಕೊನೆಯಿಂದ ಸುಮಾರು 1982ರವರೆಗೆ ಅಮೆರಿಕದ ವೈದ್ಯರು ಅತಿ ಹೆಚ್ಚು ಬರೆದುಕೊಟ್ಟ ಔಷಧ ವ್ಯಾಲಿಯಂ. ಆದರೆ 'ಒಂಟಿಯಾಗಿದ್ದರೆ' ಎಂಬ ಷರತ್ತು ಆ ಪ್ರಯಾಣದಲ್ಲಿ ಎಲ್ಲಿಯೋ ಕಳಚಿಬಿದ್ದಿತ್ತು.

ಆ ಷರತ್ತನ್ನು ಜಗತ್ತಿಗೆ ನೆನಪಿಸಿದ ಹುಡುಗಿಯೂ ನ್ಯೂಜೆರ್ಸಿಯವಳೇ. ಹೆಸರು ಕ್ಯಾರೆನ್ ಆನ್ ಕ್ವಿನ್ಲನ್, ವಯಸ್ಸು ಇಪ್ಪತ್ತೊಂದು. 1975ರ ಏಪ್ರಿಲ್ ಮಧ್ಯದ ಒಂದು ರಾತ್ರಿ ಗೆಳೆಯರೊಡನೆ ಔತಣಕ್ಕೆ ಹೋಗಿದ್ದಳು. ತೂಕ ಇಳಿಸಿಕೊಳ್ಳುವ ಹಟದಲ್ಲಿ ಅದಕ್ಕೆ ಮೊದಲು ಎರಡು ದಿನ ಬಹುಮಟ್ಟಿಗೆ ಉಪವಾಸವಿದ್ದಳು. ವ್ಯಾಲಿಯಂ ತೆಗೆದುಕೊಂಡಿದ್ದಳು, ಅಲ್ಲಿ ಜಿನ್ ಕುಡಿದಳು. ತಲೆ ಸುತ್ತುತ್ತದೆಂದಾಗ ಗೆಳೆಯರು ಮನೆಗೆ ಕರೆತಂದು ಹಾಸಿಗೆಯಲ್ಲಿ ಮಲಗಿಸಿದರು. ಸ್ವಲ್ಪ ಹೊತ್ತಿನ ಮೇಲೆ ಬಂದು ನೋಡಿದಾಗ ಆಕೆ ಉಸಿರಾಡುತ್ತಿರಲಿಲ್ಲ. ಕನಿಷ್ಠ ಎರಡು ಬಾರಿ, ಹದಿನೈದು ಹದಿನೈದು ನಿಮಿಷಗಳ ಕಾಲ, ಉಸಿರು ನಿಂತಿತ್ತೆಂದು ನ್ಯಾಯಾಲಯದ ದಾಖಲೆ ಹೇಳುತ್ತದೆ. ಹೃದಯ ಉಳಿಯಿತು, ಮೆದುಳು ಉಳಿಯಲಿಲ್ಲ.

ಉಸಿರು ನಿಂತದ್ದಕ್ಕೆ ಕಾರಣ ಅಸ್ಪಷ್ಟವೆಂದು ನ್ಯಾಯಾಲಯ ಬರೆದುಕೊಂಡದ್ದನ್ನು ಚರಿತ್ರೆಯ ವಿದ್ಯಾರ್ಥಿಯಾಗಿ ನಾನು ಮರೆಮಾಚಕೂಡದು. ಆದರೆ ಮಾತ್ರೆ, ಮದ್ಯ, ಬರಿಹೊಟ್ಟೆ ಎಂಬ ಮೂರೂ ಒಂದಾದ ರಾತ್ರಿಯೆಂದೇ ಅದನ್ನು ಜಗತ್ತು ಅರ್ಥಮಾಡಿಕೊಂಡಿತು.

ಮುಂದಿನದು ಕಾನೂನಿನ ಚರಿತ್ರೆ. ಮಗಳನ್ನು ಉಸಿರಾಟದ ಯಂತ್ರದಿಂದ ಬಿಡಿಸಿ ಎಂದು ಬೇಡಿಕೊಂಡ ತಂದೆ ಜೋಸೆಫರಿಗೆ 1976ರ ಮಾರ್ಚ್ 31ರಂದು ನ್ಯೂಜೆರ್ಸಿಯ ಸರ್ವೋಚ್ಚ ನ್ಯಾಯಾಲಯ ಅನುಮತಿ ನೀಡಿತು. ಯಂತ್ರ ತೆಗೆದ ಮೇಲೆ, ಎಲ್ಲರ ನಿರೀಕ್ಷೆಗೆ ವಿರುದ್ಧವಾಗಿ, ಆಕೆ ತಾನೇ ಉಸಿರಾಡತೊಡಗಿದಳು. ಒಮ್ಮೆಯೂ ಎಚ್ಚರವಾಗದೆ 1985ರ ಜೂನ್ 11ರಂದು ತೀರಿಕೊಂಡಳು. ಹತ್ತು ವರ್ಷಗಳ ಕಾಲ ಆ ತಾಯಿತಂದೆಗಳು ದಿನವೂ ಹಾಸಿಗೆಯ ಪಕ್ಕ ನಿಂತದ್ದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ನಮ್ಮ ಉತ್ತರ ಕನ್ನಡದ ಹಳದೀಪುರದಲ್ಲಿ ಹುಟ್ಟಿದ ದಾದಿ ಅರುಣಾ ಶಾನಭಾಗರು ಮುಂಬಯಿಯ ಆಸ್ಪತ್ರೆಯಲ್ಲಿ ನಲವತ್ತೆರಡು ವರ್ಷ ಅಂಥದೇ ಸ್ಥಿತಿಯಲ್ಲಿದ್ದರು. ಅವರ ದುರಂತದ ಕಾರಣ ಬೇರೆ, ಅದು ಒಬ್ಬನ ಕ್ರೌರ್ಯ. ಆದರೆ 2011ರಲ್ಲಿ ಅವರ ಪ್ರಕರಣದಲ್ಲಿಯೂ, ಮತ್ತೆ 2018ರಲ್ಲಿ ಬೇರೊಂದು ಪ್ರಕರಣದಲ್ಲಿಯೂ ನಮ್ಮ ಸುಪ್ರೀಂ ಕೋರ್ಟು ಘನತೆಯ ಸಾವಿನ ಪ್ರಶ್ನೆಯನ್ನು ಪರಿಶೀಲಿಸುವಾಗ ಅಮೆರಿಕದಲ್ಲಿ ಕ್ಯಾರೆನ್ ಪ್ರಕರಣದಿಂದ ಆರಂಭವಾದ ಚಿಂತನೆಯೂ ಹಿನ್ನೆಲೆಯಲ್ಲಿತ್ತು. ಹೀಗೆ ಕ್ಯಾರೆನ್ನಳ ಹೆಸರು ಕಾನೂನಿನ ಪುಸ್ತಕಗಳಲ್ಲಿ ಶಾಶ್ವತವಾಯಿತು. ಆದರೆ ಆಕೆ ಆ ಹಾಸಿಗೆಯನ್ನು ಸೇರಿದ್ದು ಹೇಗೆಂಬುದು ಮರೆತುಹೋಯಿತು. ಸಾಯುವ ಹಕ್ಕಿನ ಬಗ್ಗೆ ಜಗತ್ತು ಬಹಳ ಚರ್ಚಿಸಿತು; ಬದುಕಿ ಉಳಿಯಲು ಅಂದು ಬೇಕಾಗಿದ್ದ ಒಂದು ಸಣ್ಣ ತಿಳಿವಳಿಕೆಯ ಬಗ್ಗೆ ಅಷ್ಟಾಗಿ ಮಾತನಾಡಲಿಲ್ಲ.

ಆ ತಿಳಿವಳಿಕೆಗೆ ವೈಜ್ಞಾನಿಕ ಆಧಾರ ದೊರೆತದ್ದು ಸ್ವಲ್ಪ ತಡವಾಗಿ. ಬೆಂಜೊಡಯಜೆಪೀನ್‌ಗಳು ಮೆದುಳಿನಲ್ಲಿ ಎಲ್ಲಿ ಹೋಗಿ ಕೂರುತ್ತವೆಂಬುದನ್ನು ವಿಜ್ಞಾನಿಗಳು ಗುರುತಿಸಿದ್ದು 1977ರಲ್ಲಿ. ನಮ್ಮ ಮೆದುಳಿನಲ್ಲಿ ಗಾಬಾ ಎಂಬ ರಾಸಾಯನಿಕವಿದೆ. ನರಕೋಶಗಳ ಓಟಕ್ಕೆ ಅದು ಕಡಿವಾಣ. ಬಾರ್ಬಿಟ್ಯುರೇಟ್, ಬೆಂಜೊಡಯಜೆಪೀನ್, ಮದ್ಯ ಈ ಮೂರೂ ಬೇರೆ ಬೇರೆ ತಾಣಗಳಲ್ಲಿ ಕೈಯಿಟ್ಟು ಅದೇ ಕಡಿವಾಣವನ್ನು ಬಿಗಿಯುತ್ತವೆ. ಎತ್ತಿನ ಗಾಡಿ ಇಳಿಜಾರಿನಲ್ಲಿ ಹೋಗುವಾಗ ಒಬ್ಬನು ಹಗ್ಗ ಎಳೆದರೆ ಎತ್ತು ನಿಧಾನವಾಗುತ್ತದೆ. ಇಬ್ಬರು ಸೇರಿ ಎಳೆದರೆ ಕುತ್ತಿಗೆಯೇ ಬಿಗಿಯುತ್ತದೆ. ಮೆದುಳಿನ ಬುಡದಲ್ಲಿ, ನಾವು ನಿದ್ರಿಸುವಾಗಲೂ ಎಚ್ಚರವಿದ್ದು ಉಸಿರಾಡಿಸುವ ಒಂದು ಕೇಂದ್ರವಿದೆ. ಎರಡು ಕಡಿವಾಣಗಳ ಬಿಗಿತಕ್ಕೆ ಅದೂ ಮಂಕಾಗುತ್ತದೆ. ಉಸಿರು ಆಳ ಕಳೆದುಕೊಳ್ಳುತ್ತದೆ, ವಿರಳವಾಗುತ್ತದೆ, ಕೊನೆಗೆ ನಿಲ್ಲುತ್ತದೆ. ನೋಡುವವರಿಗೆ ಅದು ಗಾಢನಿದ್ರೆಯಂತೆಯೇ ಕಾಣುತ್ತದೆ.

'ಅತಿಯಾದರೆ ಅಮೃತವೂ ವಿಷ' ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ಇಲ್ಲಿ ಆ ಗಾದೆಯೂ ಸಾಲದು. ಮಾತ್ರೆಯೂ ಮಿತವಾಗಿರಬಹುದು, ಮದ್ಯವೂ ಮಿತವಾಗಿರಬಹುದು. ಎರಡು ಮಿತಗಳು ಕೂಡಿ ಒಂದು ಅತಿಯಾಗುತ್ತದೆ. 'ನಾನೇನು ಹೆಚ್ಚು ಕುಡಿದಿಲ್ಲ, ವೈದ್ಯರು ಹೇಳಿದ್ದಕ್ಕಿಂತ ಹೆಚ್ಚು ಮಾತ್ರೆಯನ್ನೂ ನುಂಗಿಲ್ಲ' ಎಂಬ ಪ್ರಾಮಾಣಿಕವಾದ ಮಾತು ಯಾರನ್ನೂ ಕಾಪಾಡದು.

ಇನ್ನೊಂದು ಭ್ರಮೆಯೂ ಇದೆ. 'ಮಾತ್ರೆ ನಿನ್ನೆ ರಾತ್ರಿಯದು, ಕುಡಿಯುತ್ತಿರುವುದು ಇಂದು ಸಂಜೆ, ಎರಡೂ ಸೇರುವುದು ಹೇಗೆ?' ಎನ್ನುತ್ತಾರೆ. ನುಂಗಿದ ಡಯಜೆಪಾಮ್‌ನಲ್ಲಿ ಅರ್ಧದಷ್ಟು ಮೈಬಿಟ್ಟು ಹೋಗಲು ಒಂದರಿಂದ ಎರಡು ದಿನ ಬೇಕಾಗಬಹುದು. ಅದರಿಂದ ಯಕೃತ್ತಿನಲ್ಲಿ ಹುಟ್ಟುವ ಮರಿದ್ರವ್ಯವೂ ಅದರಂತೆಯೇ ಕೆಲಸ ಮಾಡುತ್ತ ಇನ್ನೂ ಹೆಚ್ಚು ದಿನ ಉಳಿಯುತ್ತದೆ. ವಯಸ್ಸಾದವರಲ್ಲಿ ಇದು ಮತ್ತಷ್ಟು ನಿಧಾನ. ಗಡಿಯಾರ ನೋಡಿ ಲೆಕ್ಕ ಹಾಕುವವರು ಯಕೃತ್ತಿನ ಗಡಿಯಾರ ಬೇರೆಯೆಂಬುದನ್ನು ತಿಳಿಯಬೇಕು.

ಈ ಚರಿತ್ರೆಯಲ್ಲಿ ಒಂದು ಬೆಳಕಿನ ಅಧ್ಯಾಯವೂ ಉಂಟು. ಅಮೆರಿಕದ ಅಧ್ಯಕ್ಷರಾಗಿದ್ದ ಜೆರಾಲ್ಡ್ ಫೋರ್ಡರ ಪತ್ನಿ ಬೆಟ್ಟಿ ಫೋರ್ಡ್ ಸಂಧಿನೋವಿಗೂ ನರಗಳ ನೋವಿಗೂ ವರ್ಷಗಟ್ಟಲೆ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದರು; ಮದ್ಯವೂ ಅಭ್ಯಾಸವಾಗಿತ್ತು. 1978ರ ವಸಂತದಲ್ಲಿ ಮನೆಮಂದಿಯೆಲ್ಲ ಒಟ್ಟಾಗಿ ಅವರೆದುರು ಕುಳಿತು, ಪ್ರೀತಿಯಿಂದಲೇ, ಕಟುವಾದ ಸತ್ಯವನ್ನು ಹೇಳಿದರು. ಆಕೆ ಅತ್ತರು, ಸಿಟ್ಟಾದರು, ಕೊನೆಗೆ ಚಿಕಿತ್ಸೆಗೆ ಒಪ್ಪಿದರು. ಅಷ್ಟಕ್ಕೇ ನಿಲ್ಲದೆ, ತಮಗಿದ್ದ ಚಟವನ್ನು ದೇಶದೆದುರು ಹೇಳಿಕೊಂಡರು. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇಂಥವರಿಗಾಗಿಯೇ ಒಂದು ಚಿಕಿತ್ಸಾ ಕೇಂದ್ರವನ್ನು ಸ್ಥಾಪಿಸಿದರು. 2011ರಲ್ಲಿ ತಮ್ಮ ತೊಂಬತ್ತಮೂರನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅಷ್ಟು ವರ್ಷಗಳ ಬದುಕು ಅವರಿಗೆ ದೊರೆತದ್ದರಲ್ಲಿ ಮನೆಯವರು ಮೌನ ಮುರಿದದ್ದರ ಪಾಲು ದೊಡ್ಡದು.

ಇದೆಲ್ಲ ವಿದೇಶದ ಮಾತಾಯಿತು, ನಮಗೇನು ಎನ್ನುವಿರಾ? ಲೀಬಿಗ್‌ನ ಕ್ಲೋರಾಲ್ ಹೈಡ್ರೇಟ್ ಗೀಸನ್ನಿನಿಂದ ಬರ್ಲಿನ್ನಿಗೆ, ಬರ್ಲಿನ್ನಿನಿಂದ ಷಿಕಾಗೋಗೆ ಹೋಗಿ ಅಲ್ಲಿಗೇ ನಿಲ್ಲಲಿಲ್ಲ. ನಮ್ಮ ರಾಯಚೂರಿಗೂ ಬಂದಿತು! ಅಲ್ಲಿ ಅದರ ಹೆಸರು 'ಸಿ.ಎಚ್. ಪೌಡರ್'. ಈಚಲು ಮರಗಳು ಕಡಿಮೆಯಾಗಿ, ಸೇಂದಿಗೆ ಬೇಡಿಕೆ ಮಾತ್ರ ಉಳಿದಾಗ, ನೀರಿಗೆ ಸ್ಯಾಕರಿನ್ನೂ ಸಿ.ಎಚ್. ಪೌಡರೂ ಬೆರೆಸಿ ಸೇಂದಿಯೆಂದು ಮಾರುವ ದಂಧೆ ಬೆಳೆಯಿತು. ಗಡಿಯಾಚೆಯ ತೆಲಂಗಾಣದಲ್ಲಿಯೂ ಇದೇ ಕಥೆ. ಅಲ್ಲಿ ಡಯಜೆಪಾಮ್, ಅಲ್ಪ್ರಜೋಲಾಮ್‌ಗಳೂ ಕಳ್ಳಿನ ಮಡಕೆ ಸೇರಿದವು. 2015ರಲ್ಲಿ ಅಲ್ಲಿನ ಸರ್ಕಾರ ಕಲಬೆರಕೆಯನ್ನು ಬಿಗಿಯಾಗಿ ತಡೆದಾಗ, ಕೂಲಿಕಾರ ಗಂಡಸರೂ ಹೆಂಗಸರೂ ನಡುಕ, ಭ್ರಮೆ, ಸೆಳವುಗಳಿಂದ ಆಸ್ಪತ್ರೆಗಳನ್ನು ತುಂಬಿದರು. ತಾವು ದಿನವೂ ಕುಡಿಯುತ್ತಿದ್ದುದು ನಿದ್ರಾಜನಕವೆಂದು ಅವರಲ್ಲಿ ಎಷ್ಟೋ ಜನರಿಗೆ ತಿಳಿದೇ ಇರಲಿಲ್ಲ. 2025ರ ಜುಲೈನಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿ ಪ್ರದೇಶದಲ್ಲಿ ಕಲಬೆರಕೆ ಕಳ್ಳು ಮತ್ತೆ ಪ್ರಾಣಗಳನ್ನು ತೆಗೆದುಕೊಂಡಿತು. ಮಿಕಿ ಫಿನ್ ಸತ್ತಿಲ್ಲ, ವೇಷ ಬದಲಿಸಿದ್ದಾನೆ ಅಷ್ಟೆ.

ಓದಿದವರ ಮನೆಗಳಲ್ಲಿ ಬೆರೆಸುವವನು ಬೇರೆಯವನಲ್ಲ, ಕುಡಿಯುವವನೇ. ಅಲ್ಪ್ರಜೋಲಾಮ್, ಡಯಜೆಪಾಮ್‌ಗಳನ್ನು ಭಾರತ ಸರ್ಕಾರ ಎಚ್-1 ಎಂಬ ಪಟ್ಟಿಗೆ ಸೇರಿಸಿದ್ದು, ಆ ನಿಯಮ 2014ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ; ಔಷಧದಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ವಿವರ ಬರೆದಿಡಬೇಕು; ಪೊಟ್ಟಣದ ಮೇಲೆ ಕೆಂಪು ಚೌಕಟ್ಟಿನ ಎಚ್ಚರಿಕೆ ಇರಬೇಕು. ಆದರೆ ಅಣ್ಣನಿಗೆ ಬರೆದ ಮಾತ್ರೆಯನ್ನು ತಮ್ಮ ನುಂಗುವುದನ್ನು ಯಾವ ಪುಸ್ತಕ ತಡೆದೀತು?

ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬನು ಹೀಗೆಯೇ ಹೋದನು. ಹೆಸರು ಬರೆಯುವುದಿಲ್ಲ, ಅವನ ತರಗತಿಯವರಿಗೆ ತಿಳಿದೇ ಇದೆ. ನಕ್ಷೆ ಬಿಡಿಸುವುದರಲ್ಲಿ ಅವನ ಕೈ ಬಹಳ ಚೊಕ್ಕ. ತುಂಗಭದ್ರೆಯ ತಿರುವುಗಳನ್ನು ಪುಸ್ತಕ ನೋಡದೆ ಬರೆಯುತ್ತಿದ್ದ. ದೊಡ್ಡ ಹುದ್ದೆ, ಅದಕ್ಕೆ ತಕ್ಕ ಒತ್ತಡ, ನಿದ್ದೆಗೊಂದು ಮಾತ್ರೆ. ಒಂದು ಮದುವೆಯ ಹಿಂದಿನ ರಾತ್ರಿ ಸ್ನೇಹಿತರೊಡನೆ ಸ್ವಲ್ಪವೇ ಕುಡಿದು, ಎಂದಿನಂತೆ ಮಾತ್ರೆ ನುಂಗಿ ಮಲಗಿದನು. ಗಟ್ಟಿಯಾಗಿ ಗೊರಕೆ ಹೊಡೆಯುತ್ತಿದ್ದನಂತೆ. 'ಪಾಪ, ದಣಿದಿದ್ದಾನೆ, ಎಬ್ಬಿಸಬೇಡಿ' ಎಂದು ಹಿರಿಯರು ಬಾಗಿಲು ಮುಂದೆ ಮಾಡಿದರಂತೆ. ಅವರ ಮೇಲೆ ತಪ್ಪು ಹೊರಿಸುವಂತಿಲ್ಲ. ಆ ಗೊರಕೆ ಏನನ್ನು ಹೇಳುತ್ತಿತ್ತೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಊರಿನಲ್ಲಿ ಎಲ್ಲರೂ 'ಹೃದಯಾಘಾತ' ಎಂದರು. ಇಂಥ ಸಾವುಗಳನ್ನು ನಾವು ಬೇರೆ ಹೆಸರಿಟ್ಟು ಮುಚ್ಚಿಡುತ್ತೇವೆ. ಹೀಗಾಗಿ ಒಂದು ಮನೆಯ ಪಾಠ ಇನ್ನೊಂದು ಮನೆಗೆ ತಲಪುವುದೇ ಇಲ್ಲ.

ಆದ್ದರಿಂದ ಮೇಷ್ಟರ ಅಭ್ಯಾಸದಂತೆ ಕೆಲವು ಮಾತುಗಳನ್ನು ಸ್ಪಷ್ಟವಾಗಿ ಬರೆಯುತ್ತೇನೆ. ನಿದ್ದೆ, ಆತಂಕ, ಅಪಸ್ಮಾರಗಳಿಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಮದ್ಯವನ್ನು ಮುಟ್ಟಬಾರದು. ಕೆಲವು ನೋವಿನ ಮಾತ್ರೆಗಳು, ನೆಗಡಿ ಕೆಮ್ಮಿನ ಔಷಧಗಳೂ ಇದೇ ಗುಂಪಿಗೆ ಸೇರುವುದರಿಂದ ವೈದ್ಯರನ್ನು ಕೇಳಿಯೇ ತಿಳಿಯಬೇಕು. ಕುಡಿಯುವ ಅಭ್ಯಾಸವಿದ್ದರೆ ಅದನ್ನು ವೈದ್ಯರಲ್ಲಿ ಮುಚ್ಚಿಡಬೇಡಿ, ಅವರು ನ್ಯಾಯಾಧೀಶರಲ್ಲ. ಹಾಗೆಂದು, ಈ ಲೇಖನವನ್ನು ಓದಿ ಹೆದರಿ ಬಹುಕಾಲದ ಮಾತ್ರೆಯನ್ನಾಗಲಿ ಮದ್ಯವನ್ನಾಗಲಿ ಒಂದೇ ದಿನಕ್ಕೆ ನಿಲ್ಲಿಸಬೇಡಿ. ಸೆಳವು ಬರುವ ಅಪಾಯವುಂಟು, ವೈದ್ಯರ ಕೈ ಹಿಡಿದೇ ಇಳಿಯಬೇಕು.

ಇವೆರಡನ್ನೂ ಸೇವಿಸಿದವರು ಕರೆದರೂ ಅಲುಗಾಡಿಸಿದರೂ ಏಳದಿದ್ದರೆ, ಗೊರಗೊರ ಸದ್ದಿನ ಗೊರಕೆಯಿದ್ದರೆ, ಉಸಿರು ನಿಧಾನವಾಗಿದ್ದರೆ, ತುಟಿ ಉಗುರುಗಳು ನೀಲಿಗಟ್ಟಿದ್ದರೆ ಅದು ನಿದ್ದೆಯಲ್ಲ. ಕೂಡಲೇ 108ಕ್ಕೆ ಕರೆಮಾಡಿ. ಅಂಗಾತ ಮಲಗಿಸದೆ ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ, ಆಗ ವಾಂತಿಯಾದರೂ ಹೊರಗೆ ಹರಿಯುತ್ತದೆ. ಉಸಿರೇ ನಿಂತಿದ್ದರೆ 108ರವರು ಫೋನಿನಲ್ಲಿ ಹೇಳಿದಂತೆ ಎದೆಯೊತ್ತಲು ತೊಡಗಿ. ಮಜ್ಜಿಗೆ, ನಿಂಬೆರಸ, ಕಾಫಿ ಎಂದು ಬಾಯಿಗೆ ಏನನ್ನೂ ಹಾಕಬೇಡಿ. ಒಬ್ಬರನ್ನೇ ಬಿಟ್ಟುಹೋಗಬೇಡಿ. ಮಾತ್ರೆಯ ಖಾಲಿ ಪಟ್ಟಿಯನ್ನು ಆಸ್ಪತ್ರೆಗೆ ಕೊಂಡೊಯ್ಯಿರಿ. ಮರ್ಯಾದೆಗೆ ಅಂಜಿ ಸುಳ್ಳು ಹೇಳಬೇಡಿ.

ಇನ್ನು, ಬದುಕೇ ಬೇಸರವಾಗಿ ಮಾತ್ರೆಯ ಡಬ್ಬಿಯತ್ತ ಕಣ್ಣು ಹೋಗುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೆ ಆಧಾರಸಂಸ್ಥೆ. ಕನ್ನಡದಲ್ಲಿಯೇ ಮಾತನಾಡಬಹುದು, ಹಗಲೂ ಇರುಳೂ. ಅದಕ್ಕೂ ಮೊದಲು ನನಗೆ ಕರೆ ಮಾಡಬೇಕೆನಿಸಿದರೆ, ಹೊತ್ತು ನೋಡದೆ ಮಾಡಿ. ಈ ವಯಸ್ಸಿನಲ್ಲಿ ನನಗೂ ನಿದ್ದೆ ಕಡಿಮೆಯೇ.